ಆಕಸ್ಮಿಕಕ್ಕೂ ಕಾರಣವಿದೆಯೇ?

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಂಥ ಊರಲ್ಲಿ, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಹ್ಯಾಂಗ್ ಆದರೆ ಬರುವ ಮೊದಲ ಮಾತು: ‘ಸುಮ್‌ಸುಮ್ನ ನಿಂತ್‌ಬಿಡ್ತು ನೋಡ್ರಿ.’

ಸುಮ್ಮನೆ ಏನಾದರೂ ಆಗುತ್ತದೆಯೇ? ಇಲ್ಲ ಎಂದು ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದಿಸಿದವರು ನ್ಯಾಯದರ್ಶನದ ತಾರ್ಕಿಕ (ನೈಯಾಯಿಕ) ಉದಯನಾಚಾರ್ಯರು. ಒಂದು ಘಟನೆಗೆ ಕಾರಣವೇ ಬೇಡವಾಗಿದ್ದರೆ ಅದು ಸದಾ ಇರಬೇಕಿತ್ತು, ಇಲ್ಲವೇ ಎಂದೂ ಇರಬಾರದಿತ್ತು. ಒಮ್ಮೊಮ್ಮೆ ಮಾತ್ರ ಆಗುವುದೇ ಕಾರಣಕ್ಕೆ ಸಾಕ್ಷಿ.

ರಿಪೇರಿಯ ದಾರಿಯೂ ನೈಯಾಯಿಕರ ಅನ್ವಯ–ವ್ಯತಿರೇಕವೇ, ಅಂದರೆ ಇದ್ದಾಗ–ಇಲ್ಲದಾಗಿನ ಹೋಲಿಕೆ. ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದು ನೋಡಬೇಕು. ಅದಿದ್ದಾಗ ತೊಂದರೆ, ಇಲ್ಲದಾಗ ಇಲ್ಲವೆಂದರೆ ಸುಳಿವು ಸಿಕ್ಕಿತು. ಆಮೇಲೆ ಪವರ್ ಸಪ್ಲೈ, ಪ್ರೊಸೆಸರಿನ ಬಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ.

1970ರ ದಶಕದ ಕೊನೆಗೆ ಇಂಟೆಲ್ ವಿಜ್ಞಾನಿಗಳು ಮೆಮೊರಿ ಚಿಪ್‌ಗಳ ‘ಆಕಸ್ಮಿಕ’ ತಪ್ಪುಗಳ ಬೆನ್ನುಹತ್ತಿ, ಚಿಪ್ಪಿನ ಹೊದಿಕೆಯ ಯುರೇನಿಯಂ, ಥೋರಿಯಂ ಲೇಶದಿಂದ ಹೊಮ್ಮುವ ಆಲ್ಫಾ ಕಣಗಳನ್ನು ಪತ್ತೆಹಚ್ಚಿದರು. ಕಾರಣ ಸಿಕ್ಕಿತು. ಆದರೆ ಯಾವ ಪರಮಾಣು ಯಾವ ಕ್ಷಣದಲ್ಲಿ ಸಿಡಿಯುತ್ತದೆಂದು ಕ್ವಾಂಟಂ ಭೌತಶಾಸ್ತ್ರವೂ ಹೇಳಲಾರದು; ಉದಯನರ ವಾದಕ್ಕೆ ನಿಜವಾದ ಸವಾಲು ಎದುರಾಗುವುದು ಅಲ್ಲೇ.