ಕಾಯಕಕ್ಕೆ ಗಡಿಯುಂಟೆ?



ನಮ್ಮೂರಿನಲ್ಲೇ ರೋಗಿಗಳಿರುವಾಗ ವೈದ್ಯನು ಪರದೇಶಕ್ಕೆ ಸೇವೆಗೆ ಹೋಗುವುದು ಸರಿಯೆ? ಮಕ್ಕಳನ್ನು ಓದಿಸಿದ ಮನೆಗಳಲ್ಲಿ ಏಳುವ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಒಬ್ಬರಾಗಿ ಯುದ್ಧಪೀಡಿತ ಚೀನಾಕ್ಕೆ ಹೋದರು. ಅಲ್ಲಿಯ ಭಾಷೆ ಕಲಿತರು, ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿಯವರಿಗೇ ವೈದ್ಯವಿದ್ಯೆ ಕಲಿಸಿದರು. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು.

ಇಂದು ಇಂಥ ಸೇವೆಗೆ ಸಂಸ್ಥೆಗಳೇ ಇವೆ. 1971ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯು ದಾದಿಯರನ್ನೂ, ನೀರು ಪೂರೈಕೆಯ ಇಂಜಿನಿಯರರನ್ನೂ, ಲೆಕ್ಕಪತ್ರ ಬಲ್ಲವರನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಬರಿಯ ಕನಿಕರ ಸಾಲದು, ಕೆಲಸದ ಅನುಭವ ಬೇಕು. ಕಾಯಕ ಪಕ್ವವಾಗದೆ ದಾಸೋಹವಿಲ್ಲ. ಅರೆಬರೆ ಕಲಿತವನು ನೊಂದವರಿಗೆ ಇನ್ನೊಂದು ಹೊರೆ.

ಆ ಪಕ್ವತೆ ಬರುವುದು ಊರ ರೋಗಿಯ ಸೇವೆಯಿಂದಲೇ. ಅವನನ್ನು ಕಡೆಗಣಿಸಿದವನು ದೂರ ಹೋಗಿ ಏನು ಮಾಡಿಯಾನು? ಅವನನ್ನು ಮನಸಾರೆ ನೋಡಿಕೊಂಡವನು ಕೆಲಕಾಲ ಹೋಗಿಬಂದರೆ ಅದು ತೊರೆಯುವುದಲ್ಲ, ಹಂಚಿಕೊಳ್ಳುವುದು. ಹೋಗಲಾಗದವರು ಹೋದವರ ಮನೆಯ ಹಿರಿಯರನ್ನು ನೋಡಿಕೊಳ್ಳಲಿ, ಅದೂ ದಾಸೋಹವೇ.

ರಾಜ್ಯದ ಗಡಿಯಾಚೆ ಇದ್ದೂ ಮಠದ ಮಕ್ಕಳಾಗಿ ಬಾಳುತ್ತಿರುವ ನಮಗೆ, ನೋವಿಗೆ ಗಡಿಯಿಲ್ಲವೆಂದು ಬೇರೆಯವರು ಹೇಳಬೇಕೆ?