ಕಟ್ಟೆಯ ಹೆಸರು, ಕಟ್ಟೆಯ ಋಣ

ಸಿಂದಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ ಸಿಗುವ ಮೋರಟಗಿ ಸುತ್ತಿನ ಹಳ್ಳಿಗಳಲ್ಲಿ ಅಮಾವಾಸ್ಯೆಯ ಭಜನೆಗೆ ವೇದಿಕೆ ಬೇಕಿಲ್ಲ. ಗುಡಿಯ ಕಟ್ಟೆಗೆ ಜಮಖಾನೆ ಹಾಸಿ ಹಾರ್ಮೋನಿಯಂ, ತಬಲಾ, ತಾಳ ಇಟ್ಟರೆ ಅದೇ ಸಭೆ. ಹಾಡುವವನು ಏಕತಾರಿಯ ತಂತಿ ಬಿಗಿಯುವಾಗ ಎದುರಿಗಿದ್ದವರು ಚಹಾದ ಕಪ್ಪು ಕೆಳಗಿಟ್ಟು ಸುಮ್ಮನಾಗುತ್ತಾರೆ. ಪದದ ಕೊನೆಗೆ ಅಂಕಿತ ಬಂದಾಗ ಕೈಗಳು ತಾವಾಗಿಯೇ ಕೂಡುತ್ತವೆ. ಚಪ್ಪಾಳೆ ಅಪರೂಪ.

ಜನ ಕೂಡುವ ಇಂಥ ತಾವುಗಳ ಹೆಸರಿಗಿರುವ ಬೆಲೆ ಟಿವಿಯವರಿಗೂ ಗೊತ್ತು. ಊರೂರಿಗೆ ಡೇರೆ ಹೊತ್ತು ತರುತ್ತಿದ್ದ ಟಾಕೀಸಿನ ನೆನಪು 2015ರಲ್ಲಿ ಸೃಜನ್ ಲೋಕೇಶರ 'ಮಜಾ ಟಾಕೀಸ್' ಆಯಿತು. ಹಾಡಿನ ಸ್ಪರ್ಧೆ 'ಸರಿಗಮಪ'ದಲ್ಲಿ ಹಂಸಲೇಖ ಕೂತ ಆಸನಕ್ಕೆ ಮಠದಿಂದಲೇ ಇಳಿದು ಬಂದಂಥ ಹೆಸರು: ಮಹಾಗುರು. ಅಮೆರಿಕದಲ್ಲಿ ಹಾರ್ಲೆಮ್‌ನ ಅಪೋಲೊ ಥಿಯೇಟರ್ 1934ರಿಂದ ಹೊಸಬರಿಗೆ ಹಾಡುವ ರಾತ್ರಿಯೊಂದನ್ನು ಬಿಟ್ಟುಕೊಟ್ಟಿತ್ತು. 1987ರಲ್ಲಿ ಅದರ ಹೆಸರು ಹೊತ್ತ ಟಿವಿ ಕಾರ್ಯಕ್ರಮ ಶುರುವಾಯಿತು. ಹಾಡುವ ಮುಂಚೆ ಅಲ್ಲಿನವರು ಹಳೆಯ ಮರವೊಂದರ ತುಂಡನ್ನು ಸವರಿ ಮುಂದೆ ಹೋಗುತ್ತಾರೆ. ಗದ್ದುಗೆ ಮುಟ್ಟಿ ನಮಸ್ಕರಿಸುವ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಹೋದಲ್ಲಿಗೆ ಆ ಜಾಗದ ಮಹಿಮೆಯೂ ಹೋಗುತ್ತದೆಯೇ?

ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವ ಈ ಸೀಮೆಗೆ ಪ್ರಶ್ನೆ ಹೊಸದಲ್ಲ. ಶರಣರು ಸ್ಥಾವರವನ್ನು ಜಂಗಮದಿಂದ, ಕುರುಹನ್ನು ಅರಿವಿನಿಂದ ಬೇರೆ ಮಾಡಿ ನೋಡಿದವರು. ಅನುಭವ ಮಂಟಪ ಕಲ್ಲಿನ ಕಟ್ಟಡವಾಗಿತ್ತೋ, ಶರಣರು ಕೂಡಿದ್ದೇ ಮಂಟಪವಾಗಿತ್ತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಾಗಲೂ ಆ ಪ್ರಶ್ನೆ ಉಳಿದೇ ಇತ್ತು. ಹೀಗಿರುವಾಗ ಕಟ್ಟೆಯ ಹೆಸರನ್ನು ಸ್ಟುಡಿಯೋ ಒಯ್ದರೆ ಅಪಚಾರವೆನ್ನುವುದು ಶರಣರ ಮಾತಾಗಲಾರದು. ಮನೆಮನೆಗೆ ಹೋಗುವ ಟಿವಿ ಒಂದು ಬಗೆಯಲ್ಲಿ ಜಂಗಮವೇ. ಆದರೆ ಜಂಗಮ ಬರಿಗೈಲಿ ಬರುವವನಲ್ಲ. ಜೋಳಿಗೆಗೆ ಹಿಟ್ಟು ಬಿದ್ದ ಮೇಲೆ ಅವನು ಅರಿವಿನ ಮಾತು ಕೊಡಲೇಬೇಕು. ಹೆಸರು ತೆಗೆದುಕೊಂಡವರಿಗೂ ಅದೇ ಋಣ ಅಂಟಿಕೊಳ್ಳುತ್ತದೆ.

ಋಣ ಎಂಥದ್ದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಯಡ್ರಾಮಿ ತಾಲ್ಲೂಕಿನ ಕಡಕೋಳದ ತತ್ವಪದಕಾರ ಮಡಿವಾಳಪ್ಪನ ಶಿಷ್ಯ ಬಳಗದಲ್ಲಿ ಚೆನ್ನೂರ ಜಲಾಲಸಾಬರಿದ್ದರು, ಖೈನೂರ ಕೃಷ್ಣಪ್ಪನವರಿದ್ದರು. ಒಬ್ಬರು ಮುಸ್ಲಿಮರು, ಇನ್ನೊಬ್ಬರು ಬ್ರಾಹ್ಮಣರು. ಅವರ ತತ್ವಪದಗಳು ಒಂದೇ ಏಕತಾರಿಗೆ, ಒಂದೇ ಕಟ್ಟೆಯ ಮೇಲೆ ಇಂದಿಗೂ ಸಲ್ಲುತ್ತವೆ. ಕಟ್ಟೆಯನ್ನು ಕಟ್ಟೆ ಮಾಡಿದ್ದು ಆ ಕೂಡುವಿಕೆ.

ಪೈಪೋಟಿಯನ್ನು ಟಿವಿಯೇ ತಂದಿತೆನ್ನುವುದೂ ಸರಿಯಲ್ಲ. ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ಬೆಳತನಕ ಎದುರುಬದುರು ಗೀಗೀ ಹಾಡುತ್ತವೆ: ಒಂದು ಕಡೆ ಗಂಡು ಹೆಚ್ಚು, ಇನ್ನೊಂದು ಕಡೆ ಹೆಣ್ಣು ಹೆಚ್ಚು; ಶಿವನ ಪಕ್ಷ, ಶಕ್ತಿಯ ಪಕ್ಷ. ಸವಾಲು ಪದದಲ್ಲೇ, ಜವಾಬೂ ಪದದಲ್ಲೇ. ದನಿ ಒಡೆದರೂ ಕ್ಷಮೆಯುಂಟು, ಉತ್ತರ ತಪ್ಪಿದರೆ ಸೋಲು. ಸ್ಟುಡಿಯೋದಲ್ಲಿ ಇದು ತಲೆಕೆಳಗಾಗಿದೆ. ಶ್ರುತಿಗೆ ಅಂಕ ಬೀಳುತ್ತದೆ, ಪದ ಕೇಳಿದ ಪ್ರಶ್ನೆಗೆ ಹೊತ್ತಿಲ್ಲ. ಅಷ್ಟರಲ್ಲಿ ಜಾಹೀರಾತು ಬಂದಿರುತ್ತದೆ. ನಷ್ಟ ಇಲ್ಲೇ ಆಗುತ್ತಿದೆ, ಮತ್ತು ಅದು ಸಣ್ಣದಲ್ಲ.

ಕಟ್ಟೆಯ ಮೇಲೆ ಮಾತ್ರ ಪದ ಮುಗಿಯುತ್ತಲೇ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, 'ತಮ್ಮಾ, ಆ ಮೂರನೇ ನುಡಿದು ಅರ್ಥ ಹೇಳು' ಎನ್ನುತ್ತಾರೆ. ಹಾರ್ಮೋನಿಯಂ ಬಾತೆ ಮುಚ್ಚುತ್ತದೆ. ಹಾಡಿದವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಅರ್ಥ ಬಿಡಿಸತೊಡಗುತ್ತಾನೆ. ಮುಂದಿನ ಪದ ಅಲ್ಲಿಯತನಕ ಕಾಯುತ್ತದೆ.