ತೇಪೆಯ ಚೆಲುವು

ಅಗತ್ಯದಿಂದ ಹುಟ್ಟಿದ ಚೆಲುವು ಅಗತ್ಯವು ತೊಲಗಿದ ಬಳಿಕವೂ ಚೆಲುವಾಗಿ ಉಳಿಯುವುದೇ? ಜಪಾನಿನ ಹಳೆಯ ಹೊಲಿಗೆಯೊಂದು ಈ ಪ್ರಶ್ನೆಯನ್ನು ಎಬ್ಬಿಸುತ್ತದೆ.

ಆ ದೇಶದ ಉತ್ತರದ ಅಓಮೋರಿಯು ಹತ್ತಿ ಬೆಳೆಯದ ಶೀತಭೂಮಿ. ಅಲ್ಲಿಯ ತ್ಸುಗರು ಸಂಸ್ಥಾನವು 1724ರಲ್ಲಿ, ಮಿತವ್ಯಯದ ಹೆಸರಿನಲ್ಲಿ, ರೈತರಿಗೆ ಹತ್ತಿಯ ಉಡುಪನ್ನು ನಿಷೇಧಿಸಿತು. ಹಿಮದಲ್ಲಿಯೂ ಒರಟು ನಾರುಬಟ್ಟೆಯೇ ಗತಿಯಾಯಿತು. ಅದರ ಎಳೆಗಳ ಸಂದಿನಿಂದ ಗಾಳಿ ನುಗ್ಗದಂತೆ ಹೆಂಗಸರು ಸಾಲುಸಾಲಾಗಿ ದಾರ ಹಾಯಿಸಿ ಹೊಲಿದರು. ಈ ಹೊಲಿಗೆಗೆ ಸಾಶಿಕೊ ಎಂದು ಹೆಸರು. ದಕ್ಷಿಣದಿಂದ ಹಡಗಿನಲ್ಲಿ ಬಂದ ಹಳೆಯ ಹತ್ತಿಚಿಂದಿಗಳನ್ನು ತೇಪೆಯ ಮೇಲೆ ತೇಪೆಯಾಗಿ ಕೂಡಿಸಿ ತಲೆಮಾರುಗಳವರೆಗೆ ಬಳಸಿದರು. ಅಂಥ ಬಟ್ಟೆಯೇ ಬೊರೊ.

ಇಂದು ಹಲವು ದೇಶಗಳ ಉಡುಪುಗಾರರು ಈ ರೀತಿಯನ್ನು ಮೆಚ್ಚಿ ಅನುಸರಿಸುತ್ತಿರುವರು. ಹರಿದುದನ್ನು ಬಿಸುಡದೆ ಹೊಲಿದು ಉಳಿಸುವವನ ಕಾರ್ಯವು ಸ್ತುತ್ಯವೇ ಸರಿ. ಅವನ ಸೂಜಿಗೆ ಇನ್ನೂ ಕೆಲಸವಿದೆ. ಆದರೆ ಹೊಸ ಬಟ್ಟೆಯನ್ನು ಬೇಕೆಂದೇ ಸವೆಯಿಸಿ, ಹರಿದು, ತೇಪೆಹಚ್ಚಿ ಮಾರುವುದಕ್ಕೆ ಏನೆನ್ನಬೇಕು? ಗಾಯವಿಲ್ಲದ ಕೈಗೆ ಕಟ್ಟಿದ ಪಟ್ಟಿ ಅದು. ಬಟ್ಟೆ ಉಳಿಯಲಿಲ್ಲ, ವ್ಯಯವಾಯಿತು.

ಹಾಗೆಂದು ಬಡತನವನ್ನೇ ಕೊಂಡಾಡುವುದೂ ಸಲ್ಲದು. ಆ ಹೆಂಗಸರು ಚಳಿಯನ್ನು ಬೇಡಿಕೊಂಡವರಲ್ಲ. ಬೆಚ್ಚನೆಯ ಹೊಸ ಹಚ್ಚಡ ದೊರೆತಿದ್ದರೆ ಬೊರೊವನ್ನು ಅಂದೇ ಮೂಲೆಗೆ ಎಸೆಯುತ್ತಿದ್ದರೋ ಏನೋ! ತನಾಕ ಚೂಜಬುರೋ ಎಂಬವರು ಅಓಮೋರಿಯ ಹಳ್ಳಿಗಳಲ್ಲಿ ಅಲೆದು ಇಂಥವನ್ನು ಸಂಗ್ರಹಿಸಿದರು. ಟೋಕಿಯೋದ ಅಸಾಕುಸಾದ ವಸ್ತುಸಂಗ್ರಹಾಲಯವೊಂದರಲ್ಲಿ 2009ರಿಂದ 2019ರವರೆಗೆ ಜನರು ಅವನ್ನು ಕಂಡರು. ಅವುಗಳಲ್ಲಿ ಬೊದೊಕೊ ಎಂಬ ಹಾಸುಬಟ್ಟೆಯೂ ಉಂಟು. ಹಿರಿಯರು ಉಟ್ಟು ಸವೆಸಿದ ಚಿಂದಿಗಳನ್ನು ಕೂಡಿಸಿ ಅದನ್ನು ಹೊಲಿಯುತ್ತಿದ್ದರು. ಹೆರಿಗೆಯಲ್ಲಿ ಕೂಸು ಮೊದಲು ಬೀಳುತ್ತಿದ್ದುದು ಅದರ ಮೇಲೆ.